ಅಸ್ಥಿರಕ್ಷಕ ಔಷಧಗಳೂ ಮೂಳೆಯ ಕಸಿಯೂ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನಮ್ಮಲ್ಲಿ ಹಲವರು ನೋಡಿರುತ್ತೇವೆ. ಒಳ್ಳೆಯ ಜಾತಿಯ ಮರದ ಕಡ್ಡಿಯೊಂದನ್ನು ಕಾಡುಮಾವಿನ ಸಸಿಗೆ ಕೂಡಿಸಿ ಕಟ್ಟಿದರೆ ಕೆಲವು ವಾರಗಳಲ್ಲಿ ಎರಡೂ ಬೆಸೆದುಕೊಳ್ಳುತ್ತವೆ. ಮುಂದೆ ಚಿಗುರುವುದೂ ಹಣ್ಣು ಬಿಡುವುದೂ ಆ ಕಡ್ಡಿಯೇ. ಶರೀರದ ಒಂದೆಡೆಯಿಂದ ಮೂಳೆಯ ತುಂಡನ್ನು ತೆಗೆದು ಇನ್ನೊಂದೆಡೆ ಇಡುವ ಶಸ್ತ್ರಕ್ರಿಯೆಗೂ ನಾವು ಕಸಿ ಎಂಬ ಹೆಸರನ್ನೇ ಕೊಟ್ಟಿದ್ದೇವೆ. ಹೆಸರು ಒಂದಾದರೂ ನಡೆಯುವ ಕಾರ್ಯ ಒಂದಲ್ಲ. ಹೀಗೆ ಇಟ್ಟ ಮೂಳೆಯ ಜೀವಕೋಶಗಳಲ್ಲಿ ಬಹುಪಾಲು ರಕ್ತದ ಪೂರೈಕೆಯಿಲ್ಲದೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಉಳಿಯುವುದು ಸುಣ್ಣ ಮತ್ತು ನಾರುಗಳಿಂದಾದ ಒಂದು ನಿರ್ಜೀವ ಚೌಕಟ್ಟು. ಆ ಚೌಕಟ್ಟನ್ನು ಶರೀರವು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕರಗಿಸಿ, ಆ ಜಾಗದಲ್ಲಿ ತನ್ನದೇ ಹೊಸ ಮೂಳೆಯನ್ನು ಕಟ್ಟಿಕೊಳ್ಳುತ್ತದೆ. ಮೂಳೆಯ ಕಸಿ 'ಹಿಡಿಯಿತು' ಎಂದರೆ ಸಾಮಾನ್ಯವಾಗಿ ಇಟ್ಟ ಮೂಳೆ ಬದುಕಿತೆಂದು ಅರ್ಥವಲ್ಲ; ಅದು ಕ್ರಮವಾಗಿ ಮರೆಯಾಗಿ ಬೇರೆಯದಕ್ಕೆ ಎಡೆ ಮಾಡಿಕೊಟ್ಟಿತೆಂದು ಅರ್ಥ.

ಇಂದು ವಯಸ್ಸಾದವರಲ್ಲಿ, ವಿಶೇಷವಾಗಿ ಮುಟ್ಟು ನಿಂತ ಹೆಂಗಸರಲ್ಲಿ, ಮೂಳೆ ಸವೆಯದಂತೆ ತಡೆಯುವ ಔಷಧಗಳನ್ನು ವರ್ಷಗಟ್ಟಲೆ ಸೇವಿಸುತ್ತಿರುವವರು ಬಹುಮಂದಿ ಇದ್ದಾರೆ. ಈ ಔಷಧಗಳ ಕೆಲಸವೇ ಮೂಳೆಯ ಕರಗುವಿಕೆಯನ್ನು ನಿಲ್ಲಿಸುವುದು. ಅಂಥವರೊಬ್ಬರಿಗೆ ಬೆನ್ನಿನಲ್ಲೋ ಸೊಂಟದಲ್ಲೋ ದವಡೆಯಲ್ಲೋ ಕಸಿಯಿಡಬೇಕಾಗಿ ಬಂದರೆ ಗತಿಯೇನು? ಕರಗಿಸುವ ಕೈಗಳನ್ನು ಕಟ್ಟಿಹಾಕಿದ ಮೇಲೆ ಹಳೆಯದು ತೆರವಾಗುವುದೆಂತು, ಹೊಸದು ಬರುವುದೆಂತು? ತರ್ಕದಿಂದ ನೋಡಿದರೆ ಔಷಧವು ಕಸಿಗೆ ಶತ್ರುವೆಂದೇ ತೋರುತ್ತದೆ. ಪ್ರಯೋಗಗಳು ಈ ತರ್ಕವನ್ನು ಪೂರ್ತಿಯಾಗಿ ಸಮರ್ಥಿಸಲಿಲ್ಲ, ಪೂರ್ತಿಯಾಗಿ ಅಲ್ಲಗಳೆಯಲೂ ಇಲ್ಲ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಸಿಯ ವಿಚಾರ. 1880ರ ಸುಮಾರಿಗೆ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ವಿಲಿಯಂ ಮೆಕ್ಯುವನ್, ಸೋಂಕಿನಿಂದ ತೋಳಿನ ಮೂಳೆಯನ್ನು ಕಳೆದುಕೊಂಡಿದ್ದ ಹುಡುಗನೊಬ್ಬನಿಗೆ, ಬೇರೆ ಮಕ್ಕಳ ಸೊಟ್ಟ ಕಾಲುಗಳನ್ನು ನೆಟ್ಟಗೆ ಮಾಡುವಾಗ ತೆಗೆದ ಮೂಳೆಯ ಚೂರುಗಳನ್ನಿಟ್ಟು ತೋಳನ್ನು ಉಳಿಸಿದನು. ಆ ಚೂರುಗಳು ಬದುಕಿ ಬೆಳೆದವೆಂಬುದು ಅವನ ನಂಬಿಕೆ. 1890ರ ದಶಕದಲ್ಲಿ ಜರ್ಮನಿಯ ಬಾರ್ತ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕಸಿಯ ಮೂಳೆ ಸಾಯುತ್ತದೆಂದು ವಾದಿಸಿದನು. ಅಮೆರಿಕದ ಫೆಮಿಸ್ಟರ್ 1914ರಲ್ಲಿ ಈ ಕ್ರಮವನ್ನು ವಿವರಿಸುವಾಗ, ಹೊಸ ಮೂಳೆಯು ತೆವಳುತ್ತ ತೆವಳುತ್ತ ಹಳೆಯದರ ಸ್ಥಾನವನ್ನು ಆಕ್ರಮಿಸುತ್ತದೆಂಬ ಅರ್ಥದ ಹೆಸರನ್ನು ಬಳಕೆಗೆ ತಂದನು. ಆ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅದಕ್ಕಿಂತ ಸರಿಯಾದ ಮಾತು ಸಿಗುವುದು ಕಷ್ಟ.

ಈ ತೆವಳುವಿಕೆಯಲ್ಲಿ ಎರಡು ಬಗೆಯ ಕೋಶಗಳು ಪಾಲುಗೊಳ್ಳುತ್ತವೆ. ಆಮ್ಲವನ್ನೂ ಕಿಣ್ವಗಳನ್ನೂ ಸ್ರವಿಸಿ ಮೂಳೆಯನ್ನು ಕರಗಿಸುವ, ಅನೇಕ ಕೋಶಕೇಂದ್ರಗಳುಳ್ಳ ದೊಡ್ಡ ಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಎಂದು ಹೆಸರು, ನಾವು ಭಂಜಕಕೋಶವೆನ್ನೋಣ. ನಾರನ್ನು ನೆಯ್ದು ಅದರಲ್ಲಿ ಸುಣ್ಣವನ್ನು ಕೂಡಿಸುವುದು ಆಸ್ಟಿಯೋಬ್ಲಾಸ್ಟ್; ಅದು ಜನಕಕೋಶ. ಆರೋಗ್ಯವಂತರಲ್ಲಿಯೂ ಈ ಎರಡರ ಕೆಲಸ ಒಂದಕ್ಕೊಂದು ಹೆಣೆದುಕೊಂಡು ಬಾಳಿನುದ್ದಕ್ಕೂ ನಡೆದಿರುತ್ತದೆ. ವಯಸ್ಕರ ಅಸ್ಥಿಪಂಜರದಲ್ಲಿ ಸುಮಾರು ಹತ್ತನೆಯ ಒಂದು ಭಾಗ ವರ್ಷವರ್ಷವೂ ಹೊಸದಾಗುತ್ತದೆ. ಒಂದೆಡೆ ಕರಗಿಸುವ ಕೆಲಸ ಕೆಲವು ವಾರಗಳಲ್ಲಿ ಮುಗಿದರೆ, ಆ ಕುಳಿಯನ್ನು ತುಂಬುವ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಕೆಡಹುವುದು ಬೇಗ, ಕಟ್ಟುವುದು ನಿಧಾನ. ಮುಂದೆ ಹೇಳುವ ಎಷ್ಟೋ ಸಂಗತಿಗಳ ಮೂಲ ಈ ಅಂತರದಲ್ಲಿದೆ.

ಈ ಎರಡು ಕೋಶಗಳಲ್ಲಿ ಯಾವುದು ಮೊದಲು ಕೆಲಸಕ್ಕೆ ತೊಡಗುತ್ತದೆಂಬುದು ಎಲ್ಲ ಕಸಿಗಳಲ್ಲಿಯೂ ಒಂದೇ ತೆರನಲ್ಲ. ಸೊಂಟದ ಮೂಳೆಯ ಅಂಚಿನಿಂದ ತೆಗೆಯುವ ಸ್ಪಂಜಿನಂಥ ಮೂಳೆಯಲ್ಲಿ ರಕ್ತನಾಳಗಳು ಸುಲಭವಾಗಿ ನುಗ್ಗುತ್ತವೆ. ಜನಕಕೋಶಗಳು ಹಳೆಯ ಎಳೆಗಳ ಮೇಲೆಯೇ, ಹಳೆಯ ಗೋಡೆಗೆ ಗಿಲಾವು ಮಾಡಿದಂತೆ, ಹೊಸ ಮೂಳೆಯನ್ನು ಹೊದಿಸುತ್ತವೆ. ಒಳಗೆ ಸಿಕ್ಕಿಕೊಂಡ ಸತ್ತ ಎಳೆಗಳನ್ನು ತೆಗೆಯುವ ಕೆಲಸ ಆಮೇಲೆ ಸಾವಕಾಶವಾಗಿ ನಡೆಯುತ್ತದೆ. ಕಾಲಿನ ಉದ್ದ ಮೂಳೆಯಿಂದ ತೆಗೆದ ಗಟ್ಟಿ ಮೂಳೆಯಲ್ಲಿ ಹೀಗಾಗದು. ಅಲ್ಲಿ ಒಳಗೆ ಹೋಗಲು ದಾರಿಯೇ ಇಲ್ಲದಿರುವುದರಿಂದ ಭಂಜಕಕೋಶಗಳು ಮೊದಲು ಸುರಂಗಗಳನ್ನು ಕೊರೆಯಬೇಕು. ಜನಕಕೋಶಗಳು ಆ ಸುರಂಗಗಳನ್ನು ಹಿಂದಿನಿಂದ ತುಂಬುತ್ತ ಬರಬೇಕು. ಕೊರೆದುದಾಗಿ ತುಂಬುವುದು ಇನ್ನೂ ಆಗದ ಕಾಲದಲ್ಲಿ ಕಸಿ ದುರ್ಬಲವಾಗಿರುತ್ತದೆ. ಎನ್ನೆಕಿಂಗ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದ ನಾಯಿಗಳ ಮೇಲಣ ಪ್ರಯೋಗದಲ್ಲಿ, ಆರನೆಯ ವಾರದಿಂದ ಆರನೆಯ ತಿಂಗಳವರೆಗೆ ಇಂಥ ಕಸಿಯ ಬಲ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಇಟ್ಟ ದಿನಕ್ಕಿಂತ ಆರು ತಿಂಗಳ ಮೇಲೆ ಕಸಿ ಮುರಿಯುವ ಸಂಭವ ಹೆಚ್ಚೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡರೂ ವೈದ್ಯರ ಅನುಭವಕ್ಕೆ ಬಂದ ಸಂಗತಿಯೇ.

ಇನ್ನು ಔಷಧದ ವಿಚಾರ. ಗಡಸು ನೀರಿನ ಊರುಗಳಲ್ಲಿ ಸ್ನಾನದ ಹಂಡೆಯೊಳಗೆ ಸುಣ್ಣದ ಹೆಪ್ಪುಗಟ್ಟುವುದನ್ನು ವಾಚಕರು ಬಲ್ಲರು. ಕಾರ್ಖಾನೆಗಳ ಕೊಳವೆಗಳಲ್ಲಿ ಇಂಥ ಹೆಪ್ಪು ಕಟ್ಟದಂತೆ ನೀರಿಗೆ ಬೆರೆಸುವ ಫಾಸ್ಫೇಟ್ ಸಂಯುಕ್ತಗಳುಂಟು. ಮೂತ್ರದಲ್ಲಿಯೂ ರಕ್ತದಲ್ಲಿಯೂ ಇರುವ ಪೈರೋಫಾಸ್ಫೇಟ್ ಎಂಬ ಇಂಥದೇ ಪದಾರ್ಥವು ಶರೀರದೊಳಗೆ ಸುಣ್ಣದ ಹರಳುಗಟ್ಟುವಿಕೆಯನ್ನು ತಡೆಯುತ್ತದೆಂದು ಸ್ವಿಟ್ಜರ್‌ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಸಂಗಡಿಗರು 1960ರ ದಶಕದಲ್ಲಿ ತೋರಿಸಿದರು. ಪೈರೋಫಾಸ್ಫೇಟನ್ನು ಬಾಯಿಯ ಮೂಲಕ ಕೊಟ್ಟರೆ ಕಿಣ್ವಗಳು ಅದನ್ನು ಒಡೆದುಬಿಡುತ್ತವೆ. ಎರಡು ರಂಜಕದ ಪರಮಾಣುಗಳ ನಡುವಿನ ಆಮ್ಲಜನಕವನ್ನು ತೆಗೆದು ಆ ಸ್ಥಾನದಲ್ಲಿ ಇಂಗಾಲವನ್ನಿಟ್ಟರೆ ಕಿಣ್ವಗಳ ಆಟ ಸಾಗದು. ಹೀಗಾದುದೇ ಬಿಸ್‌ಫಾಸ್ಫೊನೇಟ್ ವರ್ಗ. ಇವು ಮೂಳೆಯ ಕರಗುವಿಕೆಯನ್ನೂ ತಡೆಯುತ್ತವೆಂಬ ವರದಿ 1969ರಲ್ಲಿ ಪ್ರಕಟವಾಯಿತು. ಅಲೆಂಡ್ರೊನೇಟ್, ಐಬ್ಯಾಂಡ್ರೊನೇಟ್, ಜೋಲೆಡ್ರೊನೇಟ್ ಎಂಬುವು ಇಂದು ಬಳಕೆಯಲ್ಲಿರುವ ಮುಖ್ಯ ಔಷಧಗಳು. ಮೊದಲನೆಯದನ್ನು ವಾರಕ್ಕೊಮ್ಮೆ 70 ಮಿಲಿಗ್ರಾಂ ಗುಳಿಗೆಯಾಗಿಯೂ ಕೊನೆಯದನ್ನು ವರ್ಷಕ್ಕೊಮ್ಮೆ 5 ಮಿಲಿಗ್ರಾಂನಂತೆ ರಕ್ತನಾಳದ ಮೂಲಕವೂ ಕೊಡುವುದು ವಾಡಿಕೆ.

ಇವುಗಳ ಕಾರ್ಯವಿಧಾನವನ್ನು ಸ್ವಲ್ಪ ನಿಂತು ನೋಡಬೇಕು. ಔಷಧವು ರಕ್ತದಲ್ಲಿ ಬಹಳ ಹೊತ್ತು ಇರುವುದಿಲ್ಲ. ಬರಿದಾಗಿ ತೆರೆದುಕೊಂಡ ಮೂಳೆಯ ಮೇಲ್ಮೈ ಎಲ್ಲಿ ಸಿಕ್ಕೀತೋ ಅಲ್ಲಿ ಅಂಟಿಕೊಳ್ಳುತ್ತದೆ, ಮಿಕ್ಕಿದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಅಂಟಿಕೊಂಡದ್ದು ಸುಮ್ಮನೆ ಕುಳಿತಿರುತ್ತದೆ. ಭಂಜಕಕೋಶವೊಂದು ಬಂದು ಆ ಮೇಲ್ಮೈಯನ್ನು ಆಮ್ಲದಿಂದ ಕರಗಿಸಿದಾಗ ಔಷಧ ಬಿಡುಗಡೆಯಾಗಿ ಆ ಕೋಶದೊಳಕ್ಕೇ ಸೇರುತ್ತದೆ. ಅಲ್ಲಿ ಒಂದು ಮುಖ್ಯ ಕಿಣ್ವವನ್ನು ತಡೆದು ಕೋಶವನ್ನು ನಿಷ್ಕ್ರಿಯಗೊಳಿಸುತ್ತದೆ. ಎಂದರೆ, ತಿಂದವನಿಗೆ ಮಾತ್ರ ಏರುವ ವಿಷವಿದು. ಜನಕಕೋಶವು ಮೂಳೆಯನ್ನು ತಿನ್ನದ ಕಾರಣ ಅದಕ್ಕೆ ತಗಲುವುದು ತೀರ ಅಲ್ಪ. ಅಂಟಿದ ಔಷಧವು ಆ ಮೂಳೆ ಕರಗುವವರೆಗೆ ಅಲ್ಲಿಯೇ ಉಳಿಯುತ್ತದೆ; ಅಲೆಂಡ್ರೊನೇಟಿನ ಅರ್ಧಾಯುಷ್ಯವನ್ನು ಸುಮಾರು 10 ವರ್ಷವೆಂದು ಲೆಕ್ಕ ಹಾಕಿದ್ದಾರೆ.

ಈ ವರ್ಗದ ಔಷಧಗಳ ವಿಷಯದಲ್ಲಿ ಶಸ್ತ್ರವೈದ್ಯರಿಗೆ ಇದ್ದ ಭಯಕ್ಕೆ ಒಂದು ಚರಿತ್ರೆಯಿದೆ. ಮೊದಲು ಬಳಕೆಗೆ ಬಂದ ಎಟಿಡ್ರೊನೇಟನ್ನು ದೊಡ್ಡ ಪ್ರಮಾಣದಲ್ಲಿ ಕೊಡಬೇಕಾಗಿತ್ತು. ಆ ಪ್ರಮಾಣದಲ್ಲಿ ಅದು ಕರಗುವಿಕೆಯನ್ನು ತಡೆಯುವುದರ ಜೊತೆಗೆ ಹೊಸ ಮೂಳೆಯಲ್ಲಿ ಸುಣ್ಣ ಕೂಡುವುದನ್ನೂ ತಡೆಯುತ್ತಿತ್ತು. ಹಂಡೆಯ ಹೆಪ್ಪನ್ನು ತಡೆಯುವ ಗುಣ ಇಲ್ಲಿ ಅನಾಹುತವಾಯಿತು. ಅನಂತರ ಬಂದವು ಸಾವಿರಾರು ಪಟ್ಟು ಹೆಚ್ಚು ಪ್ರಬಲವಾಗಿರುವುದರಿಂದ ಅತ್ಯಲ್ಪ ಪ್ರಮಾಣವೇ ಸಾಕು. ಆ ಪ್ರಮಾಣದಲ್ಲಿ ಸುಣ್ಣ ಕೂಡುವುದಕ್ಕೆ ಅಡ್ಡಿಯಿಲ್ಲ. ಔಷಧ ಬದಲಾದರೂ ಹಳೆಯ ಭಯ ಮಾತ್ರ ಹೆಸರನ್ನು ಅನುಸರಿಸಿಕೊಂಡು ಬಂದಿತು.

ಈ ಔಷಧಗಳನ್ನು ಕಸಿಗೆ ಶತ್ರುವೆಂದಲ್ಲದೆ ಸಹಾಯಕವೆಂದು ಮೊದಲು ಚಿಂತಿಸಿದವರಲ್ಲಿ ಸ್ವೀಡನ್ನಿನ ಪರ್ ಆಸ್ಪೆನ್‌ಬರ್ಗ್ ಮತ್ತು ಆಸ್ಟ್ರಾಂಡ್ ಮುಖ್ಯರು. ಅವರ ಉಪಕರಣ ಸರಳವಾದುದು. ಇಲಿಯ ಕಾಲಿನ ಮೂಳೆಗೆ ತಿರುಪಿ ಕೂರಿಸಿದ ಟೈಟೇನಿಯಂನ ಒಂದು ಪುಟ್ಟ ಕೋಣೆ. ಅದರೊಳಗೆ ಸ್ಪಂಜು ಮೂಳೆಯ ಕಸಿ. ಒಂದು ತುದಿಯಲ್ಲಿರುವ ಕಿಂಡಿಯಿಂದ ಮಾತ್ರ ಜೀವಂತ ಅಂಗಾಂಶ ಒಳಗೆ ಬೆಳೆಯಬಹುದು. ಔಷಧವಿಲ್ಲದ ಕಸಿಯಲ್ಲಿ ಹೊಸ ಮೂಳೆಯ ಮುಂಚೂಣಿ ಒಳಕ್ಕೆ ಸಾಗುತ್ತ ಹೋಯಿತು. ಆದರೆ ಅದರ ಬೆನ್ನ ಹಿಂದೆಯೇ ಭಂಜಕಕೋಶಗಳು ಹಳೆಯ ಮೂಳೆಯನ್ನೂ ಆಗತಾನೆ ಹುಟ್ಟಿದ ಮೂಳೆಯನ್ನೂ ಬಿಡದೆ ಕರಗಿಸಿ ಮಜ್ಜೆಯ ಕುಹರವನ್ನು ಉಳಿಸಿದವು. ಟೈಟೇನಿಯಂ ಕೋಣೆಯೊಳಗಿನ ಮೂಳೆಗೆ ಭಾರ ಹೊರುವ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆಯನ್ನು ಶರೀರ ಇಟ್ಟುಕೊಳ್ಳುವುದಿಲ್ಲ. ಕಸಿಯನ್ನು ಮೊದಲೇ ಅಲೆಂಡ್ರೊನೇಟಿನ ದ್ರಾವಣದಲ್ಲಿ ಕೆಲವು ನಿಮಿಷ ನೆನೆಸಿ, ಆಮೇಲೆ ಚೆನ್ನಾಗಿ ತೊಳೆದು ಇಟ್ಟಾಗ ಹೊಸ ಮೂಳೆ ಒಳಕ್ಕೆ ಬೆಳೆಯಿತು, ಹಳೆಯ ಎಳೆಗಳೂ ಉಳಿದವು. ಕೋಣೆಯಲ್ಲಿ ಒತ್ತಾದ ಮೂಳೆ ತುಂಬಿತು. ಈ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸ್ಪಂಜು ಮೂಳೆಯಲ್ಲಿ ಕಟ್ಟುವ ಕೆಲಸಕ್ಕೆ ಕೆಡಹುವ ಕೆಲಸ ಮುಂದಾಗಿ ನಡೆಯಲೇಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಇದು ಕೇವಲ ಇಲಿಗಳ ಸಮಾಚಾರವಲ್ಲ. ಕೃತಕ ಸೊಂಟದ ಕೀಲು ವರ್ಷಗಳ ಮೇಲೆ ಸಡಿಲವಾದಾಗ ಅದರ ಸುತ್ತಣ ಮೂಳೆಯೂ ನಷ್ಟವಾಗಿರುತ್ತದೆ. ಆ ಪೊಳ್ಳಿನಲ್ಲಿ ದಾನವಾಗಿ ಬಂದ ಮೂಳೆಯ ಚೂರುಗಳನ್ನು ಬಡಿದು ಒತ್ತಾಗಿ ತುಂಬಿ, ಅದರ ಮೇಲೆ ಹೊಸ ಕೀಲನ್ನು ಕೂರಿಸುವುದು ಒಂದು ವಿಧಾನ. ನೆದರ್‌ಲೆಂಡಿನ ಸ್ಲೂಫ್ 1984ರಲ್ಲಿ ಇದನ್ನು ವರ್ಣಿಸಿದನು. ತುಂಬಿದ ಚೂರುಗಳು ಹೊಸ ಮೂಳೆ ಬರುವ ಮೊದಲೇ ಕರಗಿಬಿಟ್ಟರೆ ಕೀಲು ಕುಸಿಯುತ್ತದೆ, ರೋಗಿ ಮತ್ತೊಮ್ಮೆ ಶಸ್ತ್ರಕ್ರಿಯೆಯ ಮೇಜನ್ನು ಏರಬೇಕಾಗುತ್ತದೆ. ಕೆಸ್ಟೆರಿಸ್ ಮತ್ತು ಆಸ್ಪೆನ್‌ಬರ್ಗ್ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವರಿಗೆ ಐಬ್ಯಾಂಡ್ರೊನೇಟಿನಲ್ಲಿ ತೊಳೆದ ಚೂರುಗಳನ್ನೂ ಉಳಿದವರಿಗೆ ಬರಿಯ ಉಪ್ಪುನೀರಿನಲ್ಲಿ ತೊಳೆದವನ್ನೂ ಇಟ್ಟರು. ಯಾರಿಗೆ ಯಾವುದೆಂಬುದು ವೈದ್ಯನಿಗೂ ರೋಗಿಗೂ ತಿಳಿಯದಂತೆ ಏರ್ಪಡಿಸಲಾಗಿತ್ತು. ಔಷಧ ಸೋಕಿದ ಕಸಿ ಕರಗದೆ ಉಳಿಯಿತೆಂದು ಸಾಂದ್ರತೆಯ ಅಳತೆಗಳಿಂದ ತಿಳಿದುಬಂದಿತು. ರೋಗಿಗಳ ಸಂಖ್ಯೆ ಚಿಕ್ಕದು. ಆದರೂ ಪ್ರಯೋಗದ ಏರ್ಪಾಟು ಮೆಚ್ಚತಕ್ಕದ್ದು.

ಮೇಲೆ 'ಚೆನ್ನಾಗಿ ತೊಳೆದು' ಎಂದೆವು. ಈ ಎರಡು ಮಾತುಗಳನ್ನು ವಿದ್ಯಾರ್ಥಿಗಳು ಓದಿ ದಾಟಿಬಿಡಬಾರದು. ಡೆನ್ಮಾರ್ಕಿನ ಯಾಕೋಬ್ಸನ್ ಮತ್ತು ಸಂಗಡಿಗರು ನಾಯಿಗಳಲ್ಲಿ ಅಲೆಂಡ್ರೊನೇಟಿನಲ್ಲಿ ನೆನೆಸಿದ ಚೂರುಗಳನ್ನು ತೊಳೆಯದೆಯೇ ಲೋಹದ ಕೀಲುಭಾಗದ ಸುತ್ತ ತುಂಬಿ ನೋಡಿದರು. ಕಸಿಯೇನೋ ಉಳಿಯಿತು; ಆದರೆ ಹೊಸ ಮೂಳೆ ಹುಟ್ಟಲಿಲ್ಲವೆನ್ನುವಷ್ಟು ಕಡಿಮೆಯಾಯಿತು, ಲೋಹದ ಹಿಡಿತ ಸಡಿಲವಾಯಿತು. 2007ರಲ್ಲಿ ಇದು ಪ್ರಕಟವಾದಾಗ ಸ್ವೀಡನ್ನಿನ ಫಲಿತಾಂಶಕ್ಕೆ ನೇರ ವಿರೋಧವೆಂದು ಕಂಡಿತು. ವಾಸ್ತವವಾಗಿ ವಿರೋಧವಿಲ್ಲ. ಮೂಳೆಗೆ ಅಂಟಿಕೊಂಡ ಔಷಧ ತಿನ್ನುವ ಕೋಶವನ್ನು ಮಾತ್ರ ಮುಟ್ಟುತ್ತದೆ. ಅಂಟದೆ ದ್ರವದಲ್ಲಿ ಉಳಿದ ಔಷಧ ಹೆಚ್ಚಾದರೆ ಸುತ್ತಲಿನ ಜನಕಕೋಶಗಳಿಗೂ ಅವುಗಳ ಪೂರ್ವಜ ಕೋಶಗಳಿಗೂ ಅದು ವಿಷವೇ. ಒಂದು ಬಟ್ಟಲು ಉಪ್ಪುನೀರಿನಿಂದ ತೊಳೆಯುವುದು, ತೊಳೆಯದಿರುವುದು, ಇಷ್ಟರಿಂದಲೇ ಅದೇ ಔಷಧ ಕಸಿಗೆ ಮಿತ್ರನೂ ಶತ್ರುವೂ ಆಗಬಲ್ಲುದು. ಸಂಶೋಧನಾ ಪತ್ರಿಕೆಗಳಲ್ಲಿ 'ವಿಧಾನ' ಎಂಬ ಭಾಗವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವ ಪದ್ಧತಿ ನಮಗೆ ಎಂದೂ ಹಿಡಿಸಿಲ್ಲ.

ಔಷಧವನ್ನು ಇಡೀ ಶರೀರಕ್ಕೆ ಕೊಟ್ಟಾಗ ಏನಾಗುತ್ತದೆಂಬುದು ಬೇರೆ ಪ್ರಶ್ನೆ. ರೋಗಿಗಳ ದೃಷ್ಟಿಯಿಂದ ಇದೇ ಹೆಚ್ಚು ಪ್ರಸ್ತುತವಾದುದು. ಬೆನ್ನುಮೂಳೆಯ ಎರಡು ಕಶೇರುಕಗಳನ್ನು ಕಸಿಯಿಟ್ಟು ಬೆಸೆಯುವ ಶಸ್ತ್ರಕ್ರಿಯೆಯಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಮೊಲಗಳಿಗೆ ಅಲೆಂಡ್ರೊನೇಟ್ ಕೊಟ್ಟ ಪ್ರಯೋಗದಲ್ಲಿ ಬೆಸುಗೆ ಕುಂದಿತು. ಮನುಷ್ಯರಲ್ಲಿ ಕಂಡದ್ದು ಬೇರೆ. ಜಪಾನಿನ ನಾಗಹಾಮ ಮತ್ತು ಸಂಗಡಿಗರು ಮೂಳೆಸವೆತವಿದ್ದ ರೋಗಿಗಳಲ್ಲಿ ಕೆಲವರಿಗೆ ಅಲೆಂಡ್ರೊನೇಟನ್ನೂ ಕೆಲವರಿಗೆ ಡಿ ಜೀವಸತ್ವವನ್ನೂ ಕೊಟ್ಟು ನೋಡಿದರು. 2011ರ ಅವರ ವರದಿಯ ಪ್ರಕಾರ ಒಂದು ವರ್ಷದಲ್ಲಿ ಬೆಸುಗೆ ಕೂಡಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 95, ಎರಡನೆಯದರಲ್ಲಿ ನೂರಕ್ಕೆ 65. ಈ ಭಿನ್ನತೆಗೆ ಒಂದು ಕಾರಣವನ್ನು ನಾವು ಊಹಿಸಬಹುದು: ಮೊಲದ ಮೂಳೆ ಗಟ್ಟಿಯಾದುದು, ಅದಕ್ಕೆ ಔಷಧದ ಅಗತ್ಯವೇ ಇರಲಿಲ್ಲ, ಆ ರೋಗಿಗಳ ಮೂಳೆಯಲ್ಲಿಯಾದರೋ ಕೆಡಹುವ ಕೆಲಸ ಮೊದಲೇ ಮಿತಿಮೀರಿತ್ತು.

ಆದರೆ ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಅವಶ್ಯ. ಬೆಸುಗೆ ಕೂಡಿದೆಯೇ ಎಂದು ನೋಡುವುದು ಕ್ಷ-ಕಿರಣದ ಚಿತ್ರಗಳಿಂದ. ಚಿತ್ರದಲ್ಲಿ ಬೆಳ್ಳಗೆ ಕಾಣುವುದು ಸುಣ್ಣ. ಆ ಸುಣ್ಣ ಜೀವಂತ ಮೂಳೆಯದೋ ಕರಗದೆ ಉಳಿದ ಸತ್ತ ಕಸಿಯದೋ ಎಂಬುದನ್ನು ಚಿತ್ರ ಹೇಳದು. ಕರಗುವಿಕೆಯನ್ನು ತಡೆದರೆ ಚಿತ್ರ ಬಿಳುಪಾಗಿಯೇ ಇರುತ್ತದೆ. ಸತ್ತ ಮೂಳೆಯೆಂದರೆ ನಿಷ್ಪ್ರಯೋಜಕವೆಂದೂ ಅಲ್ಲ: ಗಡ್ಡೆ ತೆಗೆದ ಕಡೆ ಇಟ್ಟ ದೊಡ್ಡ ದಾನಮೂಳೆಗಳನ್ನು ವರ್ಷಗಳ ಮೇಲೆ ಹೊರತೆಗೆದು ನೋಡಿದಾಗ, ಯಾವ ಔಷಧವಿಲ್ಲದೆಯೂ ತುದಿಗಳಲ್ಲಿ ಮತ್ತು ಮೇಲ್ಪದರದಲ್ಲಿ ಮಾತ್ರ ಹೊಸ ಮೂಳೆ ಬಂದಿದ್ದು ಉಳಿದುದೆಲ್ಲ ನಿರ್ಜೀವವಾಗಿಯೇ ಭಾರ ಹೊತ್ತಿದ್ದುದು ಕಂಡಿದೆ. ಅಂಥ ಮೂಳೆಗೆ ತನ್ನಲ್ಲಿ ಬೀಳುವ ಸೂಕ್ಷ್ಮ ಬಿರುಕುಗಳನ್ನು ಸರಿಪಡಿಸಿಕೊಳ್ಳುವ ಶಕ್ತಿಯಿಲ್ಲವೆಂಬುದೇ ಕೊರತೆ. ಆದ ಕಾರಣ ಸುರಂಗ ಕೊರೆದೇ ಮುಂದುವರಿಯಬೇಕಾದ ಗಟ್ಟಿ ಮೂಳೆಯ ಕಸಿಗೆ ಸ್ಪಂಜು ಮೂಳೆಯ ಅನುಭವವನ್ನು ಹಾಗೆಯೇ ಅನ್ವಯಿಸುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

ಕಾಲದ ಪ್ರಶ್ನೆಯೂ ಒಂದುಂಟು. ಮೂಳೆ ಮುರಿದ ಇಲಿಗಳಿಗೆ ಜೋಲೆಡ್ರೊನೇಟನ್ನು ಒಡನೆಯೇ ಕೊಡುವುದಕ್ಕಿಂತ ಒಂದೆರಡು ವಾರ ತಡೆದು ಕೊಟ್ಟರೆ ಕೂಡಿದ ಮೂಳೆ ಹೆಚ್ಚು ಬಲವಾಗುತ್ತದೆಂದು ಸಿಡ್ನಿಯ ಡೇವಿಡ್ ಲಿಟಲ್ ಅವರ ತಂಡ 2007ರಲ್ಲಿ ತೋರಿಸಿತು. ಒಡನೆ ಕೊಟ್ಟ ಔಷಧ ಆಗ ಇರುವ ಹಳೆಯ ಮೂಳೆಗೆ ಅಂಟಿ ಮುಗಿದುಹೋಗುತ್ತದೆ. ತಡೆದು ಕೊಟ್ಟದ್ದು ಆಗತಾನೆ ಹುಟ್ಟಿದ ಮೂಳೆಯಲ್ಲಿಯೂ ಸೇರಿ ಅದನ್ನು ಕಾಯುತ್ತದೆ. ಅದೇ ವರ್ಷ ಪ್ರಕಟವಾದ, 2127 ಮಂದಿ ಸೊಂಟ ಮುರಿದ ರೋಗಿಗಳ ಪರೀಕ್ಷೆಯಲ್ಲಿ, ಶಸ್ತ್ರಕ್ರಿಯೆಯಾದ 90 ದಿನಗಳೊಳಗೆ ಇದೇ ಔಷಧವನ್ನು ಪಡೆದವರಲ್ಲಿ ಹೊಸ ಮುರಿತಗಳು ನೂರಕ್ಕೆ 35ರಷ್ಟು ಕಡಿಮೆಯಾದವು; ಮೂಳೆ ಕೂಡುವುದು ತಡವಾಯಿತೆಂಬುದಕ್ಕೆ ಆಧಾರ ದೊರೆಯಲಿಲ್ಲ. ಎರಡು ವಾರ ಕಳೆದ ಮೇಲೆ ಪಡೆದವರಿಗೇ ಲಾಭ ಹೆಚ್ಚೆಂದು ಅನಂತರದ ವಿಶ್ಲೇಷಣೆ ತಿಳಿಸಿತು.

ಈ ಆಶಾದಾಯಕ ಚಿತ್ರಕ್ಕೆ ದವಡೆಯೊಂದು ಅಪವಾದ. ಅಮೆರಿಕದ ರಾಬರ್ಟ್ ಮಾರ್ಕ್ಸ್ 2003ರಲ್ಲಿ, ಪಾಮಿಡ್ರೊನೇಟ್ ಅಥವಾ ಜೋಲೆಡ್ರೊನೇಟ್ ಪಡೆಯುತ್ತಿದ್ದ 36 ರೋಗಿಗಳ ದವಡೆಯ ಮೂಳೆ ಒಸಡಿನಿಂದ ಹೊರಗೆ ತೆರೆದುಕೊಂಡು ಸತ್ತುಹೋಗಿದ್ದುದನ್ನು ವರದಿ ಮಾಡಿದನು. ಹಲ್ಲಿನ ಸುತ್ತಣ ಮೂಳೆಯ ನವೀಕರಣ ಬಹು ಚುರುಕು. ಅದರ ಮೇಲಿನ ಹೊದಿಕೆ ತೆಳು. ಹಲ್ಲಿನ ಸಂದಿನಿಂದ ಕ್ರಿಮಿಗಳಿಗೆ ದಾರಿ ಸುಲಭ. ಸೋಂಕು ತಗುಲಿದ ಮೂಳೆಯನ್ನು ತೆಗೆದುಹಾಕುವುದು ಭಂಜಕಕೋಶದ ಕೆಲಸ; ಅದು ನಿಂತರೆ ಗಾಯ ಮಾಯದು. ಕ್ಯಾನ್ಸರ್ ರೋಗಿಗಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುವಲ್ಲಿ ನೂರರಲ್ಲಿ ಒಬ್ಬರಿಗಾಗಲಿ ಕೆಲವರಿಗಾಗಲಿ ಹೀಗಾಗುವುದುಂಟು. ಮೂಳೆಸವೆತಕ್ಕೆ ಗುಳಿಗೆ ನುಂಗುವವರಲ್ಲಿ ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಮೊದಲ ಗುಂಪಿನವರ ದವಡೆಯಲ್ಲಿ ಕೃತಕ ಹಲ್ಲಿಗಾಗಿ ಕಸಿಯಿಡುವ ಸಾಹಸಕ್ಕೆ ವಿವೇಕಿಗಳಾದ ದಂತವೈದ್ಯರು ಕೈ ಹಾಕುವುದಿಲ್ಲ. ಎರಡನೆಯ ಗುಂಪಿನವರಿಗೆ ಅದನ್ನು ಸಾರಾಸಗಟಾಗಿ ನಿರಾಕರಿಸುವುದು ಅನ್ಯಾಯವೆಂದು ನಮಗೆ ತೋರುತ್ತದೆ.

ಮಾವಿನ ಕಸಿಯಂತೆ ನಿಜವಾಗಿ ಬದುಕುವ ಮೂಳೆಯ ಕಸಿಯೂ ಒಂದುಂಟು. ಮೊಣಕಾಲ ಕೆಳಗಿನ ಎರಡು ಮೂಳೆಗಳಲ್ಲಿ ತೆಳುವಾದುದನ್ನು ಅದರ ರಕ್ತನಾಳಗಳ ಸಮೇತ ತೆಗೆದು, ಆ ನಾಳಗಳನ್ನು ಹೊಸ ಜಾಗದ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುವ ವಿಧಾನವನ್ನು ಮೆಲ್ಬರ್ನಿನ ಇಯಾನ್ ಟೇಲರ್ 1975ರಲ್ಲಿ ವರದಿ ಮಾಡಿದನು. ಇಲ್ಲಿ ಕೋಶಗಳು ಸಾಯುವುದಿಲ್ಲ. ಮುರಿದ ಮೂಳೆ ಕೂಡುವಂತೆ ಎರಡು ತುದಿಗಳು ಕೂಡಿದರೆ ಸಾಕು. ಆದುದರಿಂದ ಔಷಧದ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಹಗುರಾಗುತ್ತದೆ.

ಕಸಿಗೆ ಮುನ್ನ ಔಷಧವನ್ನು ನಿಲ್ಲಿಸಬೇಕೇ ಎಂದು ರೋಗಿಗಳು ಕೇಳುತ್ತಾರೆ. ಅಲೆಂಡ್ರೊನೇಟಿನಂಥದನ್ನು ವರ್ಷಗಟ್ಟಲೆ ಸೇವಿಸಿದವರು ಎರಡು ಮೂರು ತಿಂಗಳು ನಿಲ್ಲಿಸಿದರೆ ಮೂಳೆಯಲ್ಲಿ ಸೇರಿಹೋದ ಔಷಧ ಹೊರಡುವುದಿಲ್ಲವೆಂಬುದು ಮೇಲೆ ಹೇಳಿದ ಅರ್ಧಾಯುಷ್ಯದಿಂದಲೇ ವ್ಯಕ್ತವಾಗುತ್ತದೆ. ಆದರೆ 2010ರಲ್ಲಿ ಬಳಕೆಗೆ ಬಂದ ಡೆನೊಸುಮ್ಯಾಬ್ ಎಂಬ ಔಷಧದ ಸ್ವಭಾವವೇ ಬೇರೆ. ಅದು ಬಿಸ್‌ಫಾಸ್ಫೊನೇಟ್ ಅಲ್ಲ, ಒಂದು ಪ್ರತಿಕಾಯ. ಭಂಜಕಕೋಶ ಹುಟ್ಟಲು ಬೇಕಾದ ಸಂಕೇತವನ್ನು ರಕ್ತದಲ್ಲಿಯೇ ಹಿಡಿದುಹಾಕುತ್ತದೆ, ಮೂಳೆಗೆ ಅಂಟುವುದಿಲ್ಲ. ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಚುಚ್ಚುಮದ್ದಿನ ಪ್ರಭಾವ ತೀರಿದೊಡನೆ, ತಡೆದಿಟ್ಟ ಭಂಜಕಕೋಶಗಳು ಒಮ್ಮೆಲೇ ಎದ್ದು ಮೊದಲಿಗಿಂತ ವೇಗವಾಗಿ ಮೂಳೆಯನ್ನು ಕರಗಿಸುತ್ತವೆ. ಬಿಟ್ಟವರಲ್ಲಿ ಕೆಲವರಿಗೆ ಹಲವು ಕಶೇರುಕಗಳು ಒಟ್ಟಿಗೆ ಕುಸಿದಿವೆ. ಕಸಿ ಹಿಡಿಯಲೆಂದು ಇದನ್ನು ನಿಲ್ಲಿಸಿದರೆ ಬೆನ್ನು ಮುರಿಯಬಹುದು. ಆದುದರಿಂದ ದವಡೆಯ ಶಸ್ತ್ರಕ್ರಿಯೆಯನ್ನು ಹಿಂದಿನ ಚುಚ್ಚುಮದ್ದಾದ ಮೂರು ನಾಲ್ಕು ತಿಂಗಳ ಮೇಲೆ ಇಟ್ಟುಕೊಂಡು, ಗಾಯ ಮಾಯಲು ಆರರಿಂದ ಎಂಟು ವಾರ ಬಿಟ್ಟು ಮುಂದಿನದನ್ನು ಕೊಡುವುದೆಂಬ ಸಲಹೆ ಈಗ ರೂಢಿಗೆ ಬಂದಿದೆ. ಇದಕ್ಕೆ ಹಿಂದಿನ ಚುಚ್ಚುಮದ್ದಿನ ತಾರೀಖು ಬೇಕು. ಹಲ್ಲಿನ ವೈದ್ಯರ ಬಳಿ ಹೋದವರು ಮೂಳೆಯ ವೈದ್ಯರು ಕೊಟ್ಟ ಆ ಚೀಟಿಯನ್ನು ಒಯ್ಯುವುದು ಅಪರೂಪ.